ಮಾರ್ಕೋವಾದ ಬಾಗಿಲು, ಕಾಮಾಕ್ಷಿಪಾಳ್ಯದ ಗೇಟು

2023ರ ಸೆಪ್ಟೆಂಬರ್ ತಿಂಗಳ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ನಮಗೆ ಬಹಳ ದಿನಗಳಿಂದ ಅನಿಸುತ್ತಿತ್ತು. ಮೊದಲನೆಯದು, ಆ ತಿಂಗಳ 10ನೇ ತಾರೀಕು ಭಾನುವಾರ ಪೋಲೆಂಡಿನ ಮಾರ್ಕೋವಾ ಎಂಬ ಹಳ್ಳಿಯಲ್ಲಿ ಧರ್ಮಸಭೆ ಒಂದು ಇಡೀ ಕುಟುಂಬವನ್ನು, ಅಪ್ಪ ಅಮ್ಮ ಮತ್ತು ಏಳು ಮಕ್ಕಳನ್ನು, ಒಟ್ಟಿಗೇ ಧನ್ಯರೆಂದು ಘೋಷಿಸಿತು. ಎರಡನೆಯದು, ಕಾವೇರಿ ನೀರಿನ ವಿಷಯದಲ್ಲಿ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಧನ್ಯರ ಸುದ್ದಿ ನಮ್ಮ ಬಹುತೇಕ ಚರ್ಚುಗಳಲ್ಲಿ ಪ್ರಸಂಗದ ಮಧ್ಯೆ ಬಂದುಹೋಯಿತು. ಬಂದ್‌ಗಳು ದೊಡ್ಡ ಅನಾಹುತವಿಲ್ಲದೆ ಮುಗಿದದ್ದರಿಂದ ಅವನ್ನೂ ಮರೆತೆವು. ಆದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನೆಲೆಸಿರುವ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಎರಡು ದಿನ ಎದೆ ಢವಗುಟ್ಟುತ್ತಿತ್ತು. ಅವರಿಗೆ 2016 ನೆನಪಿತ್ತು. ಹಿರಿಯರಿಗೆ 1991 ಕೂಡ.

ಮೊದಲು ಮಾರ್ಕೋವಾದ ಕಥೆಯನ್ನು ಪೂರ್ತಿಯಾಗಿ ಹೇಳಿಬಿಡುತ್ತೇವೆ. ಯಾಕೆಂದರೆ ಅದನ್ನು ಅರ್ಧ ಹೇಳುವ ಅಭ್ಯಾಸ ನಮ್ಮಲ್ಲಿದೆ.

ಯೂಜೆಫ್ ಉಲ್ಮಾ ಒಬ್ಬ ರೈತ. ಸ್ವಲ್ಪ ಭೂಮಿ, ಹಣ್ಣಿನ ಗಿಡಗಳ ನರ್ಸರಿ, ಜೊತೆಗೆ ಫೋಟೊ ತೆಗೆಯುವ ಹುಚ್ಚು. ಊರಿನವರ ಮದುವೆ, ಹಬ್ಬಗಳ ಚಿತ್ರಗಳನ್ನೆಲ್ಲ ತೆಗೆಯುತ್ತಿದ್ದವರು ಇವರೇ. ಹೆಂಡತಿ ವಿಕ್ಟೋರಿಯಾ ತೆಗೆದ ಅಥವಾ ಯೂಜೆಫ್ ತೆಗೆದ ಮಕ್ಕಳ ಚಿತ್ರಗಳು ಇಂದಿಗೂ ಉಳಿದಿವೆ. ಇಂಥವರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಹೆಚ್ಚು ಓದಿಲ್ಲದಿದ್ದರೂ ಎಲ್ಲವನ್ನೂ ಕಲಿತಿರುವ, ಕೈಯಲ್ಲಿ ಕಸುಬಿರುವ ಜನ. 1942ರ ಕೊನೆಯ ಹೊತ್ತಿಗೆ ಅವರು ಎಂಟು ಮಂದಿ ಯೆಹೂದ್ಯರನ್ನು ತಮ್ಮ ಪುಟ್ಟ ಮನೆಯಲ್ಲಿ ಅಡಗಿಸಿಟ್ಟರು. ಅದಕ್ಕೆ ಶಿಕ್ಷೆ ಏನೆಂದು ಊರಿಗೆಲ್ಲ ಗೊತ್ತಿತ್ತು. ನಾಜಿ ಆಡಳಿತ 1941ರ ಅಕ್ಟೋಬರ್ 15ರಂದೇ ಆದೇಶ ಹೊರಡಿಸಿತ್ತು: ಘೆಟ್ಟೊ ಬಿಟ್ಟು ಹೊರಬಂದ ಯೆಹೂದ್ಯನಿಗೂ ಸಾವು, ಆಶ್ರಯ ಕೊಟ್ಟವನಿಗೂ ಸಾವು. ಇಷ್ಟಿದ್ದೂ ಒಂದು ವರ್ಷಕ್ಕೂ ಹೆಚ್ಚು ಕಾಲ ಹದಿನಾರು ಜನ ಆ ಸೂರಿನಡಿ ಬದುಕಿದರು. ಉಣ್ಣುವ ಬಾಯಿ ಹದಿನಾರು, ಕೊಳ್ಳುವ ಹಿಟ್ಟು ಎಂಟು ಜನರ ಲೆಕ್ಕದ್ದು... ಮನೆ ನಡೆಸುವ ನಮ್ಮ ತಾಯಂದಿರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

1944ರ ಮಾರ್ಚ್ 24ರ ಬೆಳಗಿನ ಜಾವ ಜರ್ಮನ್ ಪೊಲೀಸರು ಬಂದರು. ಮೊದಲು ಯೆಹೂದ್ಯರನ್ನು, ಆಮೇಲೆ ಯೂಜೆಫ್ ಮತ್ತು ತುಂಬು ಗರ್ಭಿಣಿ ವಿಕ್ಟೋರಿಯಾರನ್ನು, ಕೊನೆಗೆ ಎಂಟು ವರ್ಷ ತುಂಬದ ಆರು ಮಕ್ಕಳನ್ನು ಗುಂಡಿಟ್ಟು ಕೊಂದರು. ಹೊಟ್ಟೆಯಲ್ಲಿದ್ದ ಏಳನೆಯ ಮಗುವನ್ನೂ ಧರ್ಮಸಭೆ ಧನ್ಯರ ಸಾಲಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಅವರ ಮನೆಯ ಬೈಬಲ್ ಸಿಕ್ಕಿತು. ಅದರಲ್ಲಿ ಒಳ್ಳೆಯ ಸಮಾರಿಯನ ಸಾಮತಿಯ ಕೆಳಗೆ ಗೆರೆ ಎಳೆದಿತ್ತು, ಪಕ್ಕದಲ್ಲಿ ಪೋಲಿಷ್ ಭಾಷೆಯಲ್ಲಿ ‘ಹೌದು’ ಎಂಬ ಒಂದೇ ಪದ ಬರೆದಿತ್ತು.

ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಪೊಲೀಸರಿಗೆ ಸುಳಿವು ಕೊಟ್ಟವನು ಯಾರು? ಹತ್ತಿರದ ಊರಿನ ಒಬ್ಬ ಸ್ಥಳೀಯ ಪೊಲೀಸನೇ. ಅಲ್ಲಿ ಅಡಗಿದ್ದ ಯೆಹೂದ್ಯರ ಪೈಕಿ ಕೆಲವರ ಪರಿಚಯ ಅವನಿಗೆ ಮೊದಲಿನಿಂದಲೂ ಇತ್ತು. ಹೊರಗಿನಿಂದ ಬಂದ ದೈತ್ಯನಲ್ಲ, ಅದೇ ನೆಲದವನು. ಇನ್ನೊಂದು ಮಾತು: ಉಲ್ಮಾ ಮನೆಯ ಹದಿನೇಳು ಹೆಣಗಳನ್ನು ಕಂಡ ಮೇಲೂ ಮಾರ್ಕೋವಾದ ಬೇರೆ ಮನೆಗಳವರು ತಾವು ಅಡಗಿಸಿಟ್ಟಿದ್ದ ಯೆಹೂದ್ಯರನ್ನು ಹೊರಗೆ ದಬ್ಬಲಿಲ್ಲ. ಯುದ್ಧ ಮುಗಿದಾಗ ಆ ಹಳ್ಳಿಯಲ್ಲಿ 21 ಮಂದಿ ಯೆಹೂದ್ಯರು ಜೀವಂತವಾಗಿ ಹೊರಬಂದರು. ನಮ್ಮ ಮಟ್ಟಿಗೆ ಹೇಳುವುದಾದರೆ, ಉಲ್ಮಾ ಕುಟುಂಬದ ಬಲಿದಾನಕ್ಕಿಂತ ಈ ಎರಡನೆಯ ಸಂಗತಿಯೇ ಹೆಚ್ಚು ಬೆರಗು ಹುಟ್ಟಿಸುತ್ತದೆ. ಬಾಗಿಲು ತೆರೆಯುವಾಗ ಉಲ್ಮಾ ದಂಪತಿಗೆ ಪರಿಣಾಮ ತಿಳಿದಿತ್ತು, ಆದರೆ ಕಣ್ಣಾರೆ ಕಂಡಿರಲಿಲ್ಲ. ಉಳಿದವರು ಕಂಡ ಮೇಲೂ ಬಾಗಿಲು ಮುಚ್ಚಲಿಲ್ಲ.

ಈಗ ಪಶ್ಚಿಮ ಬೆಂಗಳೂರಿಗೆ ಬರೋಣ. ಹೋಲಿಕೆಗೆ ಮಿತಿಯಿದೆ ಎಂಬುದನ್ನು ಮೊದಲೇ ಒಪ್ಪುತ್ತೇವೆ. ಬೆಂಗಳೂರಿನಲ್ಲಿ ಯಾವ ಸರ್ಕಾರವೂ ಒಂದು ಜನಾಂಗವನ್ನು ಅಳಿಸಲು ಆದೇಶ ಹೊರಡಿಸಿರಲಿಲ್ಲ. ಅರವತ್ತು ಲಕ್ಷ ಯೆಹೂದ್ಯರ ಕೊಲೆಯ ಪಕ್ಕದಲ್ಲಿ ನಮ್ಮ ಎರಡು ದಿನಗಳ ಗಲಭೆಯನ್ನು ಇಡುವುದು ಸತ್ತವರಿಗೆ ಅಗೌರವ. ನಾವು ಹೋಲಿಸುತ್ತಿರುವುದು ಕೊಂದವರನ್ನಲ್ಲ. ಪಕ್ಕದ ಮನೆಯವನ ಬೆನ್ನ ಹಿಂದೆ ಗುಂಪು ಬಂದು ನಿಂತಾಗ, ಮಧ್ಯದಲ್ಲಿರುವ ಮನುಷ್ಯ ಏನು ಮಾಡುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು.

1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ತನ್ನ ಮಧ್ಯಂತರ ಆದೇಶದಲ್ಲಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಲು ಕರ್ನಾಟಕಕ್ಕೆ ಹೇಳಿತು. ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆ ತಂದಿತು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಡಿಸೆಂಬರ್ ಎರಡನೇ ವಾರ ಆದೇಶ ಕೇಂದ್ರದ ಗೆಜೆಟಿನಲ್ಲಿ ಪ್ರಕಟವಾದದ್ದೇ ತಡ, 12 ಮತ್ತು 13ರಂದು ಬೆಂಗಳೂರು, ಮೈಸೂರು ಕಡೆ ತಮಿಳು ಮಾತನಾಡುವವರ ಮನೆ, ಅಂಗಡಿ, ಗುಡಿಸಲುಗಳ ಮೇಲೆ ದಾಳಿಗಳಾದವು. ಅಧಿಕೃತ ಲೆಕ್ಕದಲ್ಲೇ ಸತ್ತವರು ಹದಿನಾರು. ಸಾವಿರ ಸಾವಿರ ಸಂಖ್ಯೆಯಲ್ಲಿ ಜನ ಸಿಕ್ಕಿದ ಬಸ್ಸು, ರೈಲು ಹಿಡಿದು ಗಡಿ ದಾಟಿದರು. ಇವರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲೇ ಹುಟ್ಟಿದವರು. ತಮಿಳುನಾಡಿನಲ್ಲಿ ಇಳಿದ ಮೇಲೆ ಯಾವ ಊರಿಗೆ ಹೋಗಬೇಕೆಂದು ಗೊತ್ತಿಲ್ಲದವರು.

2016ರದ್ದು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ನೆನಪಿದೆ. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಲು ಹೇಳಿತು. 8ರಂದು ನಮ್ಮಲ್ಲಿ ಮೊಂತಿ ಹಬ್ಬ, ತೆನೆ ಊಟ. ಅದೇ ದಿನ ಬೆಂಗಳೂರಿನ ತಮಿಳು ಕ್ರೈಸ್ತರಿಗೆ ವೇಳಾಂಕಣಿ ಮಾತೆಯ ಹಬ್ಬ. ಶಿವಾಜಿನಗರದ ಸಂತ ಮರಿಯಮ್ಮನವರ ತೇರಿನ ಹಿಂದೆ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಎಲ್ಲವೂ ಒಟ್ಟಿಗೆ ನಡೆಯುವ ದಿನ. 9ರಂದು ಕರ್ನಾಟಕ ಬಂದ್. 12ರಂದು ಕೋರ್ಟ್ ಪ್ರಮಾಣವನ್ನು 12,000 ಕ್ಯುಸೆಕ್‌ಗೆ ಇಳಿಸಿ ಅವಧಿಯನ್ನು 20ರವರೆಗೆ ಬೆಳೆಸಿತು. ಅಂದು ಬೆಳಗ್ಗೆ ಚೆನ್ನೈನಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿಯಾಗಿತ್ತು. ರಾಮೇಶ್ವರದಲ್ಲಿ ಕನ್ನಡಿಗ ಚಾಲಕನಿಗೆ ಹೊಡೆಯುವ ದೃಶ್ಯ ಎಲ್ಲರ ಮೊಬೈಲಿನಲ್ಲಿತ್ತು. ಅದಕ್ಕೂ ಮುನ್ನ ಬೆಂಗಳೂರಿನಲ್ಲಿ ಒಬ್ಬ ತಮಿಳು ವಿದ್ಯಾರ್ಥಿಗೆ ಹೊಡೆದ ದೃಶ್ಯವೂ ಅಲ್ಲಿನವರ ಮೊಬೈಲಿನಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ನಾಯಂಡಹಳ್ಳಿ ಬಳಿಯ ಡಿಸೋಜಾ ನಗರದಲ್ಲಿ ಖಾಸಗಿ ಬಸ್ ಕಂಪನಿಯೊಂದರ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಹೊತ್ತಿ ಉರಿದವು. ಹೆಗ್ಗನಹಳ್ಳಿಯಲ್ಲಿ ಪೊಲೀಸ್ ಗೋಲಿಬಾರಿಗೆ ಒಬ್ಬ ಯುವಕ ಬಲಿಯಾದ. ಅಂದು ರಾತ್ರಿ ಹದಿನಾರು ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು.

ಆ ಠಾಣೆಗಳ ಹೆಸರು ನೋಡಿ: ರಾಜಾಜಿನಗರ, ವಿಜಯನಗರ, ಕೆಂಗೇರಿ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ರಾಜಗೋಪಾಲನಗರ, ಚಂದ್ರಾ ಲೇಔಟ್, ಜ್ಞಾನಭಾರತಿ, ಬ್ಯಾಟರಾಯನಪುರ, ಪೀಣ್ಯ... ಹೆಚ್ಚು ಕಡಿಮೆ ಎಲ್ಲವೂ ನಗರದ ಪಶ್ಚಿಮಕ್ಕೆ. ಇದು ಆಕಸ್ಮಿಕವಲ್ಲ. ಮಂಡ್ಯ, ಮೈಸೂರು ರಸ್ತೆ ನಗರವನ್ನು ಪ್ರವೇಶಿಸುವುದು ಕೆಂಗೇರಿಯ ಮೂಲಕ. ಬಿನ್ನಿ ಮಿಲ್ಲಿನಂಥ ಹಳೆಯ ಕಾರ್ಖಾನೆಗಳಿಗೆ ಕೂಲಿಗಾಗಿ ಬಂದ ತಮಿಳು, ತೆಲುಗು ಕುಟುಂಬಗಳು ಮಾಗಡಿ ರಸ್ತೆಯ ಆಸುಪಾಸಿನಲ್ಲಿ ತಲೆಮಾರುಗಳಿಂದ ಇವೆ. ಆಮೇಲೆ ರಾಜಾಜಿನಗರದ ಕೈಗಾರಿಕಾ ವಸಾಹತು ಬಂತು, ಪೀಣ್ಯ ಬಂತು. ಮಂಡ್ಯ, ಹಾಸನ, ತುಮಕೂರು ಕಡೆಯ ಬೇಸಾಯ ಕೈಕೊಟ್ಟ ಮನೆಗಳ ಹುಡುಗರು ಲಗ್ಗೆರೆ, ಹೆಗ್ಗನಹಳ್ಳಿ, ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಿಗೆ, ಗಾರ್ಮೆಂಟ್ಸಿಗೆ ಬಂದರು. ಕಾವೇರಿಯ ನೀರಿಲ್ಲದೆ ಊರು ಬಿಟ್ಟವನೂ, ಕಾವೇರಿಯ ಹೆಸರಿನಲ್ಲಿ ಬೈಗುಳ ತಿನ್ನುವವನೂ ಒಂದೇ ವಠಾರದ ಎದುರುಬದುರು ಮನೆಯಲ್ಲಿ ಬಾಡಿಗೆಗಿದ್ದಾರೆ. ದೊಡ್ಡ ಬಂಗಲೆಗಳ ಬಡಾವಣೆಗಳಲ್ಲಿ ಕರ್ಫ್ಯೂ ಹಾಕುವ ಪ್ರಸಂಗ ಬರುವುದಿಲ್ಲ, ಅಲ್ಲಿ ಯಾರಿಗೂ ಪಕ್ಕದ ಮನೆಯವರ ಭಾಷೆ ಗೊತ್ತೇ ಇರುವುದಿಲ್ಲ!

ಉಡುಪಿ ಕಡೆಯ ಒಂದು ಕುಟುಂಬ ಆಗ ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆಗಿತ್ತು. ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ. ಎದುರು ಮನೆಯಲ್ಲಿ ಸರಕು ಸಾಗಿಸುವ ಸಣ್ಣ ಟೆಂಪೋ ಇಟ್ಟುಕೊಂಡ ತಮಿಳು ಚಾಲಕರೊಬ್ಬರಿದ್ದರು. ಗಾಡಿಗೆ ತಮಿಳುನಾಡಿನ ನಂಬರು. ಸೆಪ್ಟೆಂಬರ್ 12ರ ಸಂಜೆ ನಾಲ್ಕರ ಸುಮಾರಿಗೆ ಚಾಲಕರ ಹೆಂಡತಿ ಗಾಬರಿಯಿಂದ ಓಡಿಬಂದು, “ಅಕ್ಕಾ, ಗಾಡಿ ಒಳಗೆ ಬಿಡ್ತೀರಾ? ಗಂಡ ಮನೇಲಿಲ್ಲ” ಎಂದು ಕೇಳಿದರಂತೆ. ಕಾಂಪೌಂಡು ಮನೆ ಮಾಲೀಕರದ್ದು. ಮಾಲೀಕರು ಮಂಡ್ಯದವರು. ಮೂರು ದಿನಗಳ ಹಿಂದಿನ ಬಂದಿನಲ್ಲಿ ಬಾವುಟ ಹಿಡಿದು ನಡೆದವರು. ಅವರನ್ನು ಕೇಳುವುದೋ ಬೇಡವೋ ಎಂದು ನಮ್ಮವರು ತಡವರಿಸುತ್ತಿರುವಾಗ ಅವರೇ ಮಹಡಿಯಿಂದ ಇಳಿದು ಬಂದರು. “ನೀರಿನ್ ಇಸ್ಯ ಬ್ಯಾರೆ ಕಣಮ್ಮ, ಇದು ಬ್ಯಾರೆ. ಗಾಡಿ ಒಳಕ್ ತಳ್ಳಿ ಮೊದ್ಲು” ಎಂದರು. ಮೂವರೂ ಸೇರಿ ತಳ್ಳಿದರು. ನಂಬರ್ ಪ್ಲೇಟಿನ ಮೇಲೆ ಒಣಗಲು ಹಾಕಿದ್ದ ಬೆಡ್‌ಶೀಟು ಬಿತ್ತು. ಚಾಲಕರ ಹೆಂಡತಿ, ಎರಡು ಮಕ್ಕಳು ನಮ್ಮವರ ಅಡುಗೆಮನೆಯಲ್ಲಿ ಕುಳಿತರು.

ಐದೂವರೆಗೆ ಬೈಕುಗಳಲ್ಲಿ ಹುಡುಗರು ಬಂದರು. ‘ಇಲ್ಲಿ ತಮಿಳರ ಗಾಡಿ ಇದೆಯಂತೆ?’ ಎಂಬ ಪ್ರಶ್ನೆ. ಗೇಟಿನ ಬಳಿ ನಿಂತಿದ್ದ ನಮ್ಮ ಹೆಂಗಸು, “ಇಲ್ಲ ಮಗಾ, ಇಲ್ಲಿ ಯಾರೂ ಇಲ್ಲ” ಎಂದರು. ಮಾಲೀಕರು ತಮ್ಮೂರಿನ ಕನ್ನಡದಲ್ಲಿ ಎರಡು ಮಾತು ಗದರಿದರು. ಗುಂಪು ಮುಂದೆ ಹೋಯಿತು. ಬೀದಿಯ ಕೊನೆಯಲ್ಲಿ ಟೈರ್ ಸುಟ್ಟ ವಾಸನೆ ರಾತ್ರಿಯಿಡೀ ಇತ್ತಂತೆ. ಪೆಟ್ರೋಲು ಬಾಟಲಿ ಹಿಡಿದ ಗುಂಪಿಗೆ ಅನುಮಾನ ಬಂದಿದ್ದರೆ ಟೆಂಪೋದ ಜೊತೆಗೆ ಮನೆಯೂ ಉರಿಯುತ್ತಿತ್ತು, ಅದರ ಅರಿವು ಮೂವರಿಗೂ ಇತ್ತು.

ಇದನ್ನು ನಮಗೆ ಹೇಳುವಾಗ ಆ ಹೆಂಗಸಿನ ಚಿಂತೆ ಬೇರೆಯೇ ಇತ್ತು. ಸುಳ್ಳು ಹೇಳಿದ್ದಕ್ಕೆ ಪಾಪನಿವೇದನೆ ಮಾಡಬೇಕಿತ್ತೆ ಎಂದು ಕೇಳಿದರು! ನಾವು ನಕ್ಕೆವು. ಆಮೇಲೆ ಯೋಚಿಸಿದರೆ ಅದು ನಗುವ ಪ್ರಶ್ನೆಯಲ್ಲ. ಯುದ್ಧಕಾಲದಲ್ಲಿ ಸಾವಿರಾರು ಧರ್ಮಭಗಿನಿಯರು, ಧರ್ಮಗುರುಗಳು ಇದೇ ಪ್ರಶ್ನೆಯನ್ನು ಎದುರಿಸಿದರು. ವಾರ್ಸಾದಲ್ಲಿ ಸಿಸ್ಟರ್ ಮಟಿಲ್ಡಾ ಗೆಟ್ಟರ್ ತಮ್ಮ ಮಠದ ಅನಾಥಾಲಯಗಳಲ್ಲಿ ನೂರಾರು ಯೆಹೂದ್ಯ ಮಕ್ಕಳಿಗೆ ಹೊಸ ಹೆಸರು ಕೊಟ್ಟು ಅಡಗಿಸಿಟ್ಟರು. ಮಾರ್ಸೇಲ್ ಮತ್ತು ರೋಮ್‌ನಲ್ಲಿ ಕಪುಚಿನ್ ಗುರು ಮರೀ-ಬೆನ್ವಾ ತಮ್ಮ ಮಠದ ನೆಲಮಾಳಿಗೆಯಲ್ಲಿ ನಕಲಿ ಗುರುತುಪತ್ರಗಳನ್ನು ಮುದ್ರಿಸುತ್ತಿದ್ದರು. ನಮ್ಮ ಬಿಜೈ, ಫರಂಗಿಪೇಟೆಯ ಕಪುಚಿನ್ ಗುರುಗಳು ಉಡುವ ಅದೇ ಕಂದು ನಿಲುವಂಗಿಯನ್ನು ಉಟ್ಟವರು. ಎಂಟನೆಯ ಆಜ್ಞೆ ಇರುವುದು ನೆರೆಯವನ ‘ವಿರುದ್ಧ’ ಸುಳ್ಳು ಸಾಕ್ಷಿ ಹೇಳಬಾರದೆಂದು. ಉಳಿದದ್ದನ್ನು ಅವರ ಗುರುಗಳೇ ಅವರಿಗೆ ವಿವರಿಸಿರಬಹುದು.

ಇಂಥ ಎಷ್ಟು ಗೇಟುಗಳು ಆ ಸಂಜೆ ತೆರೆದುಕೊಂಡವು? ಎಲ್ಲೂ ದಾಖಲೆಯಿಲ್ಲ. ಸುಟ್ಟ ಬಸ್ಸುಗಳ ಲೆಕ್ಕವಿದೆ, ಬಂಧಿತರ ಲೆಕ್ಕವಿದೆ, ವ್ಯಾಪಾರಕ್ಕಾದ ನಷ್ಟವನ್ನು ಕೋಟಿಗಳಲ್ಲಿ ಹೇಳಿದವರಿದ್ದಾರೆ. 1991ರ ಗಲಭೆಗೆ ವಿಚಾರಣಾ ಆಯೋಗ ರಚನೆಯಾಯಿತು. ನಮ್ಮದೇ ನೋವಿನ ಉದಾಹರಣೆ ಕೊಡುವುದಾದರೆ, 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದಿಂದ ಹಿಡಿದು ಕರಾವಳಿಯುದ್ದಕ್ಕೂ ನಡೆದ ದಾಳಿಗಳ ಬಗ್ಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ಆ ವರದಿಯ ನಿರ್ಣಯಗಳ ಬಗ್ಗೆ ನಾವು ಎಷ್ಟು ಬರೆದೆವು, ಎಷ್ಟು ಪ್ರತಿಭಟಿಸಿದೆವು! ಆದರೆ ಅಂದು ನಮ್ಮ ಮನೆಗಳ ಮುಂದೆ ಬಂದು ನಿಂತ ಹಿಂದೂ, ಮುಸ್ಲಿಂ ನೆರೆಹೊರೆಯವರ ಒಂದು ಪಟ್ಟಿಯನ್ನಾದರೂ ನಾವು ಮಾಡಿದ್ದೇವೆಯೇ? ಇಲ್ಲ.

ಯೆಹೂದ್ಯರು ಮಾಡಿದರು. ಇಸ್ರೇಲ್ ಸಂಸತ್ತು 1953ರಲ್ಲಿ ಯಾದ್ ವಾಶೆಮ್ ಸ್ಮಾರಕಕ್ಕಾಗಿ ಕಾನೂನು ಮಾಡಿದಾಗ, ಕೊಲೆಯಾದವರ ನೆನಪಿನ ಜೊತೆಗೆ ಜೀವ ಪಣಕ್ಕಿಟ್ಟು ಕಾಪಾಡಿದ ಅನ್ಯಜನರ ನೆನಪನ್ನೂ ಅದರ ಕರ್ತವ್ಯವೆಂದು ಬರೆಯಿತು. 1963ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಹೆಸರು ಸೇರಬೇಕಾದರೆ ಸಾಕ್ಷ್ಯ ಬೇಕು, ಮುಖ್ಯವಾಗಿ ಬದುಕುಳಿದವರದ್ದೇ. ನಿಜವಾದ ಅಪಾಯವಿತ್ತೆಂದು ತೋರಬೇಕು. ಹಣ ಪಡೆದು ಮಾಡಿದ್ದಾದರೆ ಸೇರುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಜರಡಿ ಹಿಡಿದರೂ ಐವತ್ತು ದೇಶಗಳ 28,000ಕ್ಕೂ ಹೆಚ್ಚು ಹೆಸರುಗಳು ಸೇರಿವೆ. ಅವರಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ಪೋಲೆಂಡಿನವರು. ಉಲ್ಮಾ ದಂಪತಿಯ ಹೆಸರು 1995ರಲ್ಲಿ ಸೇರಿತು, ಧರ್ಮಸಭೆ ಧನ್ಯರೆನ್ನುವುದಕ್ಕೆ 28 ವರ್ಷ ಮೊದಲೇ. ನೊಂದ ಜನಾಂಗವೊಂದು ತನ್ನ ಗಾಯಗಳನ್ನು ಎಣಿಸುವಾಗಲೇ ಉಪಕಾರವನ್ನೂ ಎಣಿಸಿತು. ಇದು ಸಣ್ಣ ಮಾತಲ್ಲ.

ಕಾಮಾಕ್ಷಿಪಾಳ್ಯದ ಮನೆ ಮಾಲೀಕರ ಮಾತಿಗೆ ಮರಳುತ್ತೇವೆ. ‘ನೀರಿನ ವಿಷಯ ಬೇರೆ, ಇದು ಬೇರೆ.’ ಇದೇ ಅರ್ಥದ ಮಾತನ್ನು 1942ರ ಆಗಸ್ಟಿನಲ್ಲಿ ವಾರ್ಸಾದಲ್ಲಿ ಒಬ್ಬ ಕಥೋಲಿಕ ಲೇಖಕಿ ಗುಟ್ಟಾಗಿ ಮುದ್ರಿಸಿ ಹಂಚಿದ್ದರು. ಅವರು ಜೋಫಿಯಾ ಕೊಸಾಕ್. ಯೆಹೂದ್ಯರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಯೆಹೂದ್ಯರನ್ನು ಪೋಲೆಂಡಿನ ವಿರೋಧಿಗಳೆಂದೇ ತಾವು ಈಗಲೂ ಭಾವಿಸುವುದಾಗಿ ಅದೇ ಕರಪತ್ರದಲ್ಲಿ ಹೇಳಿಕೊಂಡರು. ಆದರೆ ಕೊಲೆ ನಡೆಯುವಾಗ ಸುಮ್ಮನಿರುವವನು ಕೊಲೆಗೆ ಪಾಲುದಾರ ಎಂದರು. ಬರೀ ಬರೆದು ಕೂರಲಿಲ್ಲ, ಯೆಹೂದ್ಯರಿಗೆ ನೆರವಾಗುವ ಗುಪ್ತ ಸಮಿತಿಯನ್ನು ಕಟ್ಟಿದರು. ‘ಜೆಗೋಟಾ’ ಎಂಬ ಗುಟ್ಟಿನ ಹೆಸರಿನಲ್ಲಿ ಪ್ರಸಿದ್ಧವಾದ ಸಂಘಟನೆ ಬೆಳೆದದ್ದು ಅದರಿಂದಲೇ. 1943ರಲ್ಲಿ ಸೆರೆಸಿಕ್ಕಿ ಅವರು ಆಶ್‌ವಿಟ್ಜ್ ಸೇರಿದರು, ಬದುಕಿ ಬಂದರು.

ಈ ಹೆಂಗಸಿನ ಕಥೆ ನಮಗೆ ಕಸಿವಿಸಿ ಉಂಟುಮಾಡುತ್ತದೆ. ದ್ವೇಷವನ್ನು ಮನಸ್ಸಿನಿಂದ ಪೂರ್ತಿ ತೊಳೆದುಕೊಂಡ ಮೇಲೆಯೇ ಒಳ್ಳೆಯ ಕೆಲಸ ಎಂದು ನಾವು ಪ್ರಸಂಗಗಳಲ್ಲಿ ಕೇಳುತ್ತೇವೆ. ಆಕೆ ಅದಕ್ಕೆ ಕಾಯಲಿಲ್ಲ. ಹಾಗೆಂದು ಆ ಅಭಿಪ್ರಾಯಗಳನ್ನು ನಾವು ಸಮರ್ಥಿಸುವಂತಿಲ್ಲ. ಯೆಹೂದ್ಯರ ಬಗ್ಗೆ ಯುರೋಪಿನ ಜನಕ್ಕೆ ಶತಮಾನಗಳ ಕಾಲ ತಿರಸ್ಕಾರ ಕಲಿಸಿದವರಲ್ಲಿ ನಮ್ಮ ಧರ್ಮಸಭೆಯ ಮಂದಿಯೂ ಇದ್ದರು ಎಂಬುದನ್ನು ಒಪ್ಪದೆ ವಿಧಿಯಿಲ್ಲ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿದ್ದ ಅವಹೇಳನದ ಪದವನ್ನು ಸಂತ ಇಪ್ಪತ್ತಮೂರನೆಯ ಜಾನ್ ಜಗದ್ಗುರುಗಳು ತೆಗೆದುಹಾಕಿದ್ದು 1959ರಲ್ಲಿ. ಯೇಸು ಸ್ವಾಮಿಯ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಬಾರದೆಂದು ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಅಕ್ಟೋಬರ್ 28ರಂದು. ಉಲ್ಮಾ ಮನೆಯವರು ಗುಂಡಿಗೆ ಬಲಿಯಾಗಿ ಆಗ 21 ವರ್ಷಗಳಾಗಿದ್ದವು.

ಇದನ್ನೆಲ್ಲ ಬೆಂಗಳೂರಿನ ನಮ್ಮ ಜನರಿಗೆ ಯಾಕೆ ಹೇಳಬೇಕು? ಯಾಕೆಂದರೆ ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಪೂಜೆಯ ಭಾಷೆ ಯಾವುದಿರಬೇಕೆಂಬ ಜಗಳ ದಶಕಗಳಿಂದ ಇದೆ. ಮಹಾಸಭೆ ಜನರ ಭಾಷೆಯಲ್ಲಿ ಪೂಜೆಗೆ ಅನುಮತಿ ಕೊಟ್ಟಿತು. ಆದರೆ ಒಂದೇ ಚರ್ಚಿನಲ್ಲಿ ಮೂರು ಭಾಷೆಯ ಜನರಿದ್ದಾಗ ಏಳು ಗಂಟೆಯ ಪೂಜೆ ಯಾರಿಗೆ? ಕನ್ನಡ ನಾಡಿನಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂಬುದು ನ್ಯಾಯವಾದ ಬೇಡಿಕೆ, ಅದನ್ನು ನಾವು ಹಿಂದೆಯೂ ಬೆಂಬಲಿಸಿದ್ದೇವೆ, ಈಗಲೂ ಬೆಂಬಲಿಸುತ್ತೇವೆ. ಆದರೆ ಆ ವಾದ ಮಾಡುವ ಸಭೆಗಳಲ್ಲಿ ಒಮ್ಮೊಮ್ಮೆ ಕೇಳಿಬರುವ ಮಾತುಗಳು, ‘ಅವರನ್ನು ಓಡಿಸಬೇಕು’ ಎಂಬ ದನಿ, ಬೀದಿಯಲ್ಲಿ ಬೈಕಿನ ಮೇಲೆ ಬಂದ ಹುಡುಗರ ಮಾತಿಗಿಂತ ಎಷ್ಟು ದೂರ? ನಾಳೆ ಇನ್ನೊಂದು ಸೆಪ್ಟೆಂಬರ್ 12 ಬಂದರೆ, ಎದುರು ಬೆಂಚಿನ ತಮಿಳು ಕುಟುಂಬದವರು ನಮ್ಮ ಗೇಟು ಬಡಿಯುವ ಧೈರ್ಯ ಮಾಡುತ್ತಾರೆಯೇ? ತಮಿಳು ಕ್ರೈಸ್ತರ ಕಡೆಯಿಂದಲೂ ಈ ಪ್ರಶ್ನೆಯನ್ನು ಹೀಗೆಯೇ ಕೇಳಿಕೊಳ್ಳಬೇಕು, ಅದನ್ನೂ ಹೇಳಿಬಿಡುತ್ತೇವೆ.

ಗೇಟು ಬಡಿಯುವ ಈ ವಿಷಯ ಚಿಕ್ಕದಲ್ಲ. ಸ್ಯಾಮ್ಯುಯೆಲ್ ಒಲಿನರ್ ಎಂಬ ಸಮಾಜವಿಜ್ಞಾನಿ, ಹನ್ನೆರಡನೆಯ ವಯಸ್ಸಿನಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು, ಬಲ್ವಿನಾ ಎಂಬ ಪೋಲಿಷ್ ಕಥೋಲಿಕ ರೈತ ಹೆಂಗಸಿನ ನೆರವಿನಿಂದ ಬದುಕಿದವರು. ದೊಡ್ಡವರಾದ ಮೇಲೆ ಅಮೆರಿಕದಲ್ಲಿ ಪತ್ನಿ ಪರ್ಲ್ ಜೊತೆ ಸೇರಿ ಯುರೋಪಿನ ನಾನೂರಕ್ಕೂ ಹೆಚ್ಚು ರಕ್ಷಕರನ್ನು ಸಂದರ್ಶಿಸಿ 1988ರಲ್ಲಿ ಪುಸ್ತಕ ಬರೆದರು. ಅವರಿಗೆ ಕಂಡದ್ದು: ಕಾಪಾಡಿದವರಲ್ಲಿ ಮೂರನೇ ಎರಡರಷ್ಟು ಮಂದಿ ತಾವಾಗಿ ಮುಂದೆ ಬಂದವರಲ್ಲ, ಯಾರೋ ಬಂದು ಕೇಳಿದ್ದಕ್ಕೆ ಒಪ್ಪಿದವರು. ಕಾಮಾಕ್ಷಿಪಾಳ್ಯದಲ್ಲೂ ಅದೇ ಆದದ್ದು. ‘ಅಕ್ಕಾ’ ಎಂದು ಕರೆದು ಕೇಳುವಷ್ಟು ಬಳಕೆ ಮೊದಲೇ ಇತ್ತು. ಹಬ್ಬಕ್ಕೆ ಕುಸ್ವಾರ್ ತಟ್ಟೆ ಎದುರು ಮನೆಗೆ ಹೋಗುತ್ತಿತ್ತು, ಪೊಂಗಲ್ ಇತ್ತ ಬರುತ್ತಿತ್ತು. ಗಲಭೆಯ ದಿನ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ.

ನಾವು ಕರಾವಳಿಯ ಕ್ರೈಸ್ತರು ಈ ವಿಷಯದಲ್ಲಿ ಸಾಲಗಾರರು. 1784ರಲ್ಲಿ ನಮ್ಮ ಪೂರ್ವಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ನೆಲೆ ಕೊಟ್ಟದ್ದನ್ನು ಹೇಳುತ್ತೇವೆಯೇ? ಅಲ್ಲಿನ ಸಂತ ಅನ್ನಮ್ಮನವರ ಚರ್ಚು 1792ರಷ್ಟು ಹಳೆಯದಾಗಿರುವುದು ಅದರಿಂದಲೇ. ಮೂಡುಬಿದಿರೆಯ ಹೊಸ್ಪೇಟೆ ಚರ್ಚು ಕೆಡವುವಿಕೆಯಿಂದ ಉಳಿದದ್ದು ಚೌಟರ ಅರಸರ ಮಾತಿನಿಂದ ಎಂದು ನಮ್ಮ ಪರಂಪರೆ ಹೇಳುತ್ತದೆ. ಒಬ್ಬರು ಲಿಂಗಾಯತ ಅರಸರು, ಇನ್ನೊಬ್ಬರು ಜೈನರು. ಸೆರೆಯ ಕಥೆಗೆ ನಮ್ಮಲ್ಲಿ ನಾಟಕ, ಪುಸ್ತಕ, ಭಾಷಣಗಳಿವೆ, ಆಶ್ರಯದ ಕಥೆಗೆ ಒಂದೆರಡು ಸಾಲು.

ಬೆಂಗಳೂರಿಗೂ ಯೆಹೂದ್ಯರಿಗೂ ಒಂದು ನೇರ ನಂಟಿದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಹಿಟ್ಲರನ ಕಾರಣಕ್ಕೆ ಕೆಲಸ ಕಳೆದುಕೊಂಡ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸರ್ ಸಿ.ವಿ. ರಾಮನ್ 1935ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿದರು, ರಾಜಾಜಿನಗರದಿಂದ ಕೂಗಳತೆಯ ದೂರ. ಕಾಯಂ ಹುದ್ದೆ ಕೊಡಿಸಲು ರಾಮನ್ ಹೋರಾಡಿದರು. ಸ್ವದೇಶದಿಂದ ಹೊರದಬ್ಬಿಸಿಕೊಂಡ ಎರಡನೆಯ ದರ್ಜೆಯವರು ನಮಗೇಕೆ ಎಂಬರ್ಥದಲ್ಲಿ ಸಂಸ್ಥೆಯ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಅವರೆದುರೇ ಮಾತಾಡಿದರೆಂದು ಬಾರ್ನ್ ಮುಂದೆ ಬರೆದುಕೊಂಡರು. ಹುದ್ದೆ ಸಿಗಲಿಲ್ಲ. ಅವರು ಎಡಿನ್‌ಬರೊಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಆದರೆ ಅವರ ಸೋದರಳಿಯ, ಬರ್ಲಿನ್ನಿನ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ಅವರಿಗೆ 1939ರಲ್ಲಿ ಮೈಸೂರು ಸಂಸ್ಥಾನ ಕೆಲಸ ಕೊಟ್ಟಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಇದರಲ್ಲಿ ಜೀವಭಯವೇನೂ ಇರಲಿಲ್ಲ, ಒಂದು ಸಹಿ ಸಾಕಿತ್ತು. ಜಗತ್ತಿನ ಎಷ್ಟೋ ಸರ್ಕಾರಗಳು ಆ ಒಂದು ಸಹಿಯನ್ನು ಕೊಡದೆ ಕುಳಿತಿದ್ದ ವರ್ಷ ಅದು.

ನಮ್ಮ ಸಲಹೆ ಇಷ್ಟೇ. ಚರ್ಚಿನ ಕಚೇರಿಯಲ್ಲಿ ದೀಕ್ಷಾಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳಿವೆ. ಇನ್ನೊಂದು ನೋಟ್‌ಬುಕ್ ಇಡಲು ಹೆಚ್ಚು ಖರ್ಚಿಲ್ಲ. ಬೆಂಗಳೂರಿನ ನಮ್ಮ ಸಂಘಗಳು, ಊರಿನಲ್ಲಿ ವಾಳೆಯ ಗುರಿಕಾರರು ಮನೆಭೇಟಿಗೆ ಹೋದಾಗ ಕೇಳಬಹುದು: 1991ರಲ್ಲಿ, 2008ರಲ್ಲಿ, 2016ರಲ್ಲಿ ನಿಮ್ಮನ್ನು ಯಾರು ಒಳಗೆ ಕರೆದರು? ನೀವು ಯಾರನ್ನು ಕರೆದಿರಿ? ಕೇಳುವಾಗ ಯಾದ್ ವಾಶೆಮ್‌ನವರ ಹಾಗೆ ಜಾಗ್ರತೆ ಬೇಕು. ಕಾಪಾಡಿಸಿಕೊಂಡವರ ಮಾತನ್ನು ಮೊದಲು ಕೇಳಬೇಕು, ಕಾಪಾಡಿದವರದ್ದು ಆಮೇಲೆ. ಒಪ್ಪಿಗೆಯಿಲ್ಲದೆ ಹೆಸರು ಪ್ರಕಟಿಸಬಾರದು. ಮುಖ್ಯವಾಗಿ, ‘ನಾವು ಕ್ರೈಸ್ತರು ಇಷ್ಟು ಜನರನ್ನು ಕಾಪಾಡಿದೆವು’ ಎಂದು ಬೀಗುವ ಪಟ್ಟಿ ಅದಾಗಬಾರದು. ಕಾಮಾಕ್ಷಿಪಾಳ್ಯದ ಪ್ರಕರಣದಲ್ಲಿ ಮೊದಲ ಹೆಸರು ಮಂಡ್ಯದ ಆ ಯಜಮಾನರದ್ದೇ ಬರಬೇಕು.

1991ರಲ್ಲಿ ನಲವತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಮಾಗಡಿ ರಸ್ತೆಯ ಹಳೆಯ ಮಿಲ್ ಕಾರ್ಮಿಕರಲ್ಲಿ ಬದುಕಿರುವವರು ಕಡಿಮೆ. ಕಾಮಾಕ್ಷಿಪಾಳ್ಯದ ಯಜಮಾನರು ಕೊರೋನಾ ಸಮಯದಲ್ಲಿ ತೀರಿಕೊಂಡರಂತೆ. ಓಡಾಟಕ್ಕೆ ನಿರ್ಬಂಧವಿದ್ದುದರಿಂದ ನಮ್ಮವರಿಗೆ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಅಷ್ಟರಲ್ಲಿ ಹೊಸೂರಿಗೆ ಮನೆ ಬದಲಿಸಿದ್ದ ಟೆಂಪೋದವರಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಕೊನೆಗೆ ಕೇಳಿದ್ದು ಒಂದೇ: ಯಜಮಾನರ ಒಂದು ಫೋಟೊ ನಿಮ್ಮ ಹತ್ತಿರ ಇದೆಯಾ ಅಕ್ಕಾ?